ಅಂಬರ್ ಒಳಗಿನ ಇರುವೆಯನ್ನು ಪದರ ಪದರವಾಗಿ ನೋಡಲು 3ಡಿ ಸ್ಲೈಸರ್: ಒಬ್ಬ ಸಿ.ಟಿ. ಟೆಕ್ನಿಷಿಯನ್ ಬರೆದ ರಿವ್ಯೂ

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಸಿ.ಟಿ. ಟೆಕ್ನಿಷಿಯನ್. ಹಗಲೆಲ್ಲ ತಲೆಗೆ ಪೆಟ್ಟಾದವರು, ಎದೆ ನೋವಿನವರು, ಕಿಡ್ನಿ ಕಲ್ಲಿನವರು. ಮನೆಗೆ ಬಂದು ಊಟ ಮುಗಿಸಿದ ಮೇಲೆ ಮತ್ತೆ ಸ್ಕ್ಯಾನ್ ಮುಂದೆಯೇ ಕೂರುತ್ತೇನೆ. ಆಗ ತೆರೆ ಮೇಲೆ ಇರುವುದು ಇರುವೆ, ನೊಣ, ಜೇಡ. ಕೋಟ್ಯಂತರ ವರ್ಷಗಳ ಹಿಂದೆ ಮರದ ಅಂಟಿಗೆ ಸಿಕ್ಕಿಬಿದ್ದು, ಆ ಅಂಟು ಗಟ್ಟಿಯಾಗಿ ಅಂಬರ್ ಆದ ಮೇಲೂ ಒಳಗೆ ಹಾಗೇ ಉಳಿದುಕೊಂಡವು. ಅವುಗಳ ಸ್ಕ್ಯಾನ್ ಫೈಲುಗಳನ್ನು ಎಷ್ಟೋ ಸಂಶೋಧಕರು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದಾರೆ. ಅದನ್ನು ತೆರೆಯಲು ನಾನು ಬಳಸುವ ಸಾಫ್ಟ್‌ವೇರ್ 3ಡಿ ಸ್ಲೈಸರ್. ಇದು ಅದರ ರಿವ್ಯೂ.

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಕೆಲಸ ಮಾಡುವ ಇನ್ನೊಂದು ಸಾಧನ ನನಗೆ ಸಿಕ್ಕಿಲ್ಲ. ಕಲಿಯಲು ತಾಳ್ಮೆ ಬೇಕು. ಕಂಪ್ಯೂಟರಿನಲ್ಲಿ ರ‍್ಯಾಮ್ ಧಾರಾಳವಾಗಿರಬೇಕು. ಆದರೆ ಪತ್ರಿಕೆಯಲ್ಲಿ ಬರುವ ಬಣ್ಣಬಣ್ಣದ ಇರುವೆಯ ಚಿತ್ರ ಹೇಗೆ ಹುಟ್ಟುತ್ತದೆ, ಅದರಲ್ಲಿ ಯಂತ್ರ ಹೇಳಿದ್ದೆಷ್ಟು, ಮನುಷ್ಯ ತೀರ್ಮಾನಿಸಿದ್ದೆಷ್ಟು ಎಂದು ತಿಳಿಯಬೇಕೆಂದರೆ ಇದನ್ನು ಕೈಯಲ್ಲಿ ಹಿಡಿದು ನೋಡಲೇಬೇಕು.

ಸಾಫ್ಟ್‌ವೇರ್ ಬಗ್ಗೆ ಹೇಳುವ ಮುಂಚೆ, ಅಂಬರನ್ನು ಯಾಕೆ ಸ್ಕ್ಯಾನ್ ಮಾಡಬೇಕು ಎಂಬುದನ್ನು ಸ್ವಲ್ಪ ಹೇಳಬೇಕು. ಅಂಬರ್ ಪಾರದರ್ಶಕ, ಲೆನ್ಸ್ ಹಿಡಿದರೆ ಹುಳು ಕಾಣುತ್ತದಲ್ಲ ಎಂದು ತುಂಬ ಜನ ಕೇಳುತ್ತಾರೆ. ಕಾಣುತ್ತದೆ, ಆದರೆ ಅರ್ಧವೇ ಕಾಣುತ್ತದೆ. ಬಾಲ್ಟಿಕ್ ಅಂಬರಿನಲ್ಲಿ ಹುಳುವಿನ ಮೈಸುತ್ತ ಸಣ್ಣ ಸಣ್ಣ ಗುಳ್ಳೆಗಳು ಸೇರಿ ಹಾಲಿನ ಕೆನೆ ಕಟ್ಟಿದ ಹಾಗೆ ಬೆಳ್ಳಗಾಗಿರುತ್ತದೆ. ಹೊಟ್ಟೆಯ ಅಡಿಭಾಗ, ಬಾಯಿ, ಕಾಲುಗಳ ಬುಡ, ಹೀಗೆ ಜಾತಿ ಗುರುತಿಸಲು ಬೇಕಾದ ಜಾಗಗಳೇ ಅದರಡಿ ಮುಚ್ಚಿಹೋಗಿರುತ್ತವೆ. ಇನ್ನು ಮ್ಯೂಸಿಯಂಗಳಲ್ಲಿ ನೂರಾರು ವರ್ಷ ಇದ್ದ ತುಂಡುಗಳು ಗಾಳಿಗೆ ಕಪ್ಪಾಗಿ, ಬಿರುಕು ಬಿಟ್ಟಿರುತ್ತವೆ. ಬರ್ಲಿನ್ನಿನ ಪ್ರಕೃತಿ ವಿಜ್ಞಾನ ಮ್ಯೂಸಿಯಂನಲ್ಲಿ ಅಂಥ ಒಂದು ಜೇಡ ಇದೆ. 1854ರಲ್ಲೇ ಅದಕ್ಕೆ ಹೆಸರಿಟ್ಟು ವಿವರಣೆ ಬರೆದಿದ್ದರು. ಆಮೇಲೆ ಅಂಬರ್ ಎಷ್ಟು ಮಬ್ಬಾಯಿತು ಎಂದರೆ ಆ ಜೇಡ ನಿಜಕ್ಕೂ ಆ ಗುಂಪಿನದೇನಾ ಎಂದು ನೋಡಿ ಹೇಳುವುದೇ ಕಷ್ಟವಾಗಿತ್ತು. 2011ರಲ್ಲಿ ಜೇಸನ್ ಡನ್ಲಪ್, ಡೇವಿಡ್ ಪೆನಿ ಮತ್ತು ಸಂಗಡಿಗರು ಅದನ್ನು ಸಿ.ಟಿ. ಮಾಡಿ, ಅದು ಹಂಟ್ಸ್‌ಮನ್ ಜೇಡಗಳ ಗುಂಪಿನದೇ ಎಂದು ಖಚಿತಪಡಿಸಿದರು. ಇದೇ ಬಳಗ ಮರುವರ್ಷ ಇನ್ನೊಂದು ಜೇಡದ ಬೆನ್ನ ಮೇಲೆ ಕೂತ ಒಂದು ನುಸಿಯನ್ನು ತೋರಿಸಿತು. ಆ ನುಸಿಯ ಉದ್ದ 176 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಐದರಲ್ಲೊಂದು ಭಾಗವೂ ಇಲ್ಲ.

ಅಂಬರ್ ಪೂರ್ತಿ ಅಪಾರದರ್ಶಕವಾಗಿರುವ ಜಾಗಗಳೂ ಇವೆ. ಫ್ರಾನ್ಸಿನ ಶರಾಂತ್ ಪ್ರದೇಶದ ಅಂಬರ್ ಹಾಗಿದೆ. ಸುಮಾರು 10 ಕೋಟಿ ವರ್ಷ ಹಳೆಯದು, ನೋಡಿದರೆ ಸುಮ್ನೆ ಕಪ್ಪು ಕಲ್ಲು. ಒಳಗೆ ಏನಿದೆ ಎಂದು ಹೊರಗಿನಿಂದ ಹೇಳಲು ಸಾಧ್ಯವೇ ಇಲ್ಲ. 2008ರಲ್ಲಿ ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೊಟ್ರಾನ್‌ನಲ್ಲಿ (ಅತಿ ಪ್ರಬಲ ಎಕ್ಸ್-ರೇ ಹುಟ್ಟಿಸುವ ಬೃಹತ್ ಯಂತ್ರ ಅದು) ಪಾಲ್ ತಾಫೊರೊ, ಮಾಲ್ವಿನಾ ಲಾಕ್ ಮತ್ತವರ ಜೊತೆಗಾರರು ಇಂಥ 640 ತುಂಡುಗಳನ್ನು ಎಕ್ಸ್-ರೇಗೆ ಒಡ್ಡಿದರು. 356 ಜೀವಿಗಳು ಸಿಕ್ಕವು. ಕಣಜ, ನೊಣ, ಇರುವೆ, ಜೇಡ, ನುಸಿ. ಬಿರುಕುಗಳು ಚಿತ್ರವನ್ನು ಹಾಳು ಮಾಡದಿರಲಿ ಎಂದು ತುಂಡುಗಳನ್ನು ನೀರಿನಲ್ಲಿ ಮುಳುಗಿಸಿ ಸ್ಕ್ಯಾನ್ ಮಾಡಿದ್ದರಂತೆ. ಇದನ್ನು ಓದಿದಾಗ ನನಗೆ ತುಂಬ ಖುಷಿಯಾಯಿತು. ಬಿರುಕಿನಲ್ಲಿ ಗಾಳಿ ಇದ್ದರೆ ಅಂಚು ಎದ್ದು ಕಾಣುತ್ತದೆ, ನೀರು ತುಂಬಿದರೆ ಆ ವ್ಯತ್ಯಾಸ ತಗ್ಗುತ್ತದೆ. ನಮ್ಮ ಕೆಲಸದಲ್ಲಿರುವ ಯಾರಿಗಾದರೂ ಒಂದೇ ಸಲಕ್ಕೆ ಅರ್ಥವಾಗುವ ಉಪಾಯ ಅದು.

ಆಸ್ಪತ್ರೆಯ ಮಶಿನ್‌ನಲ್ಲಿ ಇದನ್ನು ಮಾಡಬಹುದಾ ಎಂದು ಕೇಳಿದರೆ, ಆಗುವುದಿಲ್ಲ. ನಮ್ಮ ಸ್ಕ್ಯಾನರ್ ಕಾಣಬಲ್ಲ ಅತಿ ಸಣ್ಣ ವಿವರ ಸುಮಾರು ಅರ್ಧ ಮಿಲಿಮೀಟರ್. ಮೂರು ಮಿಲಿಮೀಟರ್ ಉದ್ದದ ಇರುವೆಯನ್ನು ಇಟ್ಟರೆ ಉದ್ದಕ್ಕೆ ಆರು ಚುಕ್ಕೆ ಬಂದೀತು, ಅಷ್ಟೇ. ಸಣ್ಣ ವಸ್ತುಗಳಿಗೆಂದೇ ಇರುವ ಲ್ಯಾಬಿನ ಮೈಕ್ರೊ ಸಿ.ಟಿ.ಯಲ್ಲಿ ಒಂದೊಂದು ಚುಕ್ಕೆ ಕೆಲವೇ ಮೈಕ್ರಾನ್. ಇನ್ನೊಂದು ವ್ಯತ್ಯಾಸ ಇದೆ. ನಮ್ಮಲ್ಲಿ ರೋಗಿ ಅಲ್ಲಾಡದೆ ಮಲಗಿರುತ್ತಾರೆ, ಎಕ್ಸ್-ರೇ ಟ್ಯೂಬ್ ಅವರ ಸುತ್ತ ತಿರುಗುತ್ತದೆ. ಅಲ್ಲಿ ಟ್ಯೂಬ್ ನಿಂತಲ್ಲೇ ಇರುತ್ತದೆ, ಅಂಬರ್ ತುಂಡು ಒಂದು ಸಣ್ಣ ಪೀಠದ ಮೇಲೆ ತಿರುಗುತ್ತದೆ. ನಮ್ಮದು ಸೆಕೆಂಡುಗಳ ಕೆಲಸ. ಲ್ಯಾಬಿನ ಮೈಕ್ರೊ ಸಿ.ಟಿ.ಗೆ ಗಂಟೆಗಟ್ಟಲೆ ಬೇಕು. ಸಿಂಕ್ರೊಟ್ರಾನ್‌ನಲ್ಲಿ ಕಿರಣ ಅಷ್ಟು ಪ್ರಬಲವಾದ್ದರಿಂದ ನಿಮಿಷಗಳಲ್ಲಿ ಮುಗಿಯಬಹುದು.

ಕಷ್ಟ ಇರುವುದು ಬೇರೆ ಕಡೆ. ಮನುಷ್ಯನ ಮೈಯಲ್ಲಿ ಮೂಳೆ ಬೆಳ್ಳಗೆ, ಶ್ವಾಸಕೋಶ ಕಪ್ಪಗೆ, ಮಾಂಸ ಬೂದು ಬಣ್ಣ. ತಾನಾಗಿ ಬೇರೆ ಬೇರೆ ಕಾಣುತ್ತವೆ. ಹುಳುವೂ ಅಂಬರೂ ಎರಡೂ ಹೆಚ್ಚುಕಡಿಮೆ ಇಂಗಾಲ, ಜಲಜನಕ, ಆಮ್ಲಜನಕ. ಎಕ್ಸ್-ರೇಗೆ ಎರಡೂ ಒಂದೇ ಥರ. ಹುಳುವಿನ ಒಳಭಾಗ ಒಣಗಿ ಟೊಳ್ಳಾಗಿದ್ದರೆ ಆ ಟೊಳ್ಳು ಕಪ್ಪಾಗಿ ಕಂಡು ಆಕಾರ ಸಿಗುತ್ತದೆ. ಟೊಳ್ಳಿಲ್ಲದಿದ್ದರೆ ಬೂದು ಬಣ್ಣದೊಳಗೆ ಬೂದು. ಅದಕ್ಕೇ ಸಿಂಕ್ರೊಟ್ರಾನ್‌ಗಳಲ್ಲಿ ಫೇಸ್ ಕಾಂಟ್ರಾಸ್ಟ್ ಎಂಬ ವಿಧಾನ ಬಳಸುತ್ತಾರೆ. ಕಿರಣ ಹಿಡಿಯುವ ಡಿಟೆಕ್ಟರನ್ನು ಸ್ವಲ್ಪ ದೂರ ಇಟ್ಟರೆ, ಎರಡು ವಸ್ತು ಸೇರುವ ಅಂಚಿನಲ್ಲಿ ಕಿರಣ ತುಸು ಬಾಗುವುದೂ ದಾಖಲಾಗುತ್ತದೆ. ಅಂಚುಗಳು ಗೆರೆ ಎಳೆದಂತೆ ಎದ್ದು ಬರುತ್ತವೆ.

ಈಗ ಸ್ಲೈಸರ್ ವಿಷಯ. 1998ರ ಸುಮಾರಿಗೆ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಎಂ.ಐ.ಟಿ. ಸೇರಿ, ಮೆದುಳಿನ ಆಪರೇಷನ್ ಯೋಜಿಸಲು ಶುರು ಮಾಡಿದ ಕೆಲಸ ಇದು. ಹುಳುಗಳಿಗಾಗಿ ಹುಟ್ಟಿದ್ದಲ್ಲ. ಆ ವಾಸನೆ ಈಗಲೂ ಇದೆ. ತೆರೆದ ಕೂಡಲೇ ಮೂರು ಕಿಟಕಿಗಳಲ್ಲಿ ಅಡ್ಡ, ನೇರ, ಪಕ್ಕದ ಕಟ್‌ಗಳು, ಇನ್ನೊಂದರಲ್ಲಿ ಮೂರು ಆಯಾಮದ ಚಿತ್ರ. ದಿಕ್ಕುಗಳೂ ರೋಗಿಯ ಎಡ, ಬಲ, ತಲೆ, ಕಾಲು ಎಂದೇ ಇವೆ. ನಮ್ಮಂಥವರಿಗೆ ಮನೆಗೆ ಬಂದಂತಾಗುತ್ತದೆ. ಜೀವಶಾಸ್ತ್ರ ಓದಿದವರಿಗೆ ಮೊದಲು ಸ್ವಲ್ಪ ಗಾಬರಿಯಾಗುತ್ತದೆ. ನನ್ನ ಮಗಳು ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾಳೆ. ಇರುವೆಯ ಕಾಲಿನ ಗಂಟುಗಳ ಹೆಸರು ಅವಳಿಗೆ ಬಾಯಿಪಾಠ. ಆದರೆ ಮಾಡ್ಯೂಲ್‌ಗಳ, ಅಂದರೆ ಒಂದೊಂದು ಕೆಲಸಕ್ಕೆಂದು ಇರುವ ಭಾಗಗಳ, ಪಟ್ಟಿ ನೋಡಿ, "ಅಮ್ಮಾ, ಇದರಲ್ಲಿ ನಮಗೆ ಬೇಕಾಗಿದ್ದು ಎಲ್ಲಿದೆ?" ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನೂರಕ್ಕೂ ಮೀರಿದ ಮಾಡ್ಯೂಲ್‌ಗಳಲ್ಲಿ ಅಂಬರ್ ನೋಡುವವರಿಗೆ ಬೇಕಾಗಿದ್ದು ಬೆರಳೆಣಿಕೆಯಷ್ಟು.

ಮೊದಲು ಮಾಡಬೇಕಾದ್ದು ಸ್ಲೈಸರ್‌ಮಾರ್ಫ್ ಎಂಬ ಎಕ್ಸ್‌ಟೆನ್ಷನ್, ಅಂದರೆ ಹೆಚ್ಚುವರಿ ಭಾಗ, ಹಾಕಿಕೊಳ್ಳುವುದು. ಸಿಯಾಟಲ್‌ನ ಮುರಾತ್ ಮಾಗಾ ಅವರ ತಂಡ ಇದನ್ನು ಜೀವಶಾಸ್ತ್ರದವರಿಗೆಂದೇ ಮಾಡಿದೆ. ಇದೂ ಉಚಿತ. ಇದು ಯಾಕೆ ಬೇಕೆಂದರೆ, ಆಸ್ಪತ್ರೆಯ ಸ್ಕ್ಯಾನ್ ಡೈಕಾಮ್ ರೂಪದಲ್ಲಿ ಬರುತ್ತದೆ. ಅಳತೆ, ದಿಕ್ಕು ಎಲ್ಲ ಅದರೊಳಗೇ ಬರೆದಿರುತ್ತದೆ. ಅಂಬರ್ ಸ್ಕ್ಯಾನ್ ಸಾಮಾನ್ಯವಾಗಿ ಒಂದೆರಡು ಸಾವಿರ ಟಿಫ್ ಚಿತ್ರಗಳ ರಾಶಿ. ಅಳತೆ ಬೇರೆ ಕಡೆ, ಒಂದು ಸಣ್ಣ ಪಠ್ಯ ಫೈಲಿನಲ್ಲೋ ಪ್ರಬಂಧದಲ್ಲೋ ಇರುತ್ತದೆ. ಸ್ಲೈಸರ್‌ಮಾರ್ಫ್‌ನ ಇಮೇಜ್‌ಸ್ಟ್ಯಾಕ್ಸ್ ಮಾಡ್ಯೂಲ್‌ನಲ್ಲಿ ಆ ರಾಶಿಯನ್ನು ಕೊಟ್ಟು, ಒಂದು ಚುಕ್ಕೆ ಎಷ್ಟು ಮಿಲಿಮೀಟರ್ ಎಂದು ನಾವೇ ತುಂಬಬೇಕು. ತುಂಬದಿದ್ದರೆ ಅದು ಒಂದು ಮಿಲಿಮೀಟರ್ ಎಂದುಕೊಳ್ಳುತ್ತದೆ. ಆಗ ಎರಡು ಸಾವಿರ ಕಟ್‌ಗಳ ಇರುವೆ ಎರಡು ಮೀಟರ್ ಉದ್ದ. ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಅಳತೆ ಮಾತ್ರ ಪೂರ್ತಿ ತಪ್ಪು. ಹಾಗಾಗಿ ಈ ಒಂದು ಪೆಟ್ಟಿಗೆಯನ್ನು ಖಾಲಿ ಬಿಡಬೇಡಿ.

ಇದೇ ಮಾಡ್ಯೂಲ್‌ನಲ್ಲಿ ಪ್ರಿವ್ಯೂ, ಹಾಫ್, ಫುಲ್ ಎಂದು ಆಯ್ಕೆ ಇದೆ. ನನ್ನ ಮಟ್ಟಿಗೆ ಇಡೀ ಎಕ್ಸ್‌ಟೆನ್ಷನ್‌ನ ದೊಡ್ಡ ಉಪಕಾರ ಇದು. ಎಲ್ಲ ದಿಕ್ಕಿಗೂ 2000 ಚುಕ್ಕೆ ಇರುವ 16 ಬಿಟ್ ಸ್ಕ್ಯಾನ್ ಎಂದರೆ 16 ಜಿ.ಬಿ. ಲೋಡ್ ಮಾಡುವ ಡೇಟಾದ ಹತ್ತು ಪಟ್ಟು ರ‍್ಯಾಮ್ ಇದ್ದರೆ ಒಳ್ಳೆಯದು ಎಂದು ಸ್ಲೈಸರ್‌ನವರೇ ಹೇಳುತ್ತಾರೆ. ಮನೆಯ ಲ್ಯಾಪ್‌ಟಾಪ್‌ಗೆ ಅದು ಆಗದ ಮಾತು. ಹಾಫ್ ಆರಿಸಿದರೆ ಮೂರು ದಿಕ್ಕಿಗೂ ಅರ್ಧವಾಗಿ, ಒಟ್ಟು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 16 ಹೋಗಿ 2 ಜಿ.ಬಿ. ಮೊದಲು ಪ್ರಿವ್ಯೂನಲ್ಲಿ ಹುಳು ಎಲ್ಲಿದೆ ಎಂದು ನೋಡಿ, ಅದರ ಸುತ್ತ ಪೆಟ್ಟಿಗೆ ಎಳೆದು, ಅಷ್ಟನ್ನು ಮಾತ್ರ ಫುಲ್‌ನಲ್ಲಿ ತರಿಸಿಕೊಳ್ಳುವುದು ನಾನು ಕಂಡುಕೊಂಡ ದಾರಿ. ಅಂಬರ್ ತುಂಡಿನಲ್ಲಿ ಹುಳು ಇರುವುದು ಒಂದು ಮೂಲೆಯಲ್ಲಿ ತಾನೇ. ಉಳಿದ ಖಾಲಿ ಅಂಬರನ್ನು ಹೊತ್ತು ತಿರುಗುವ ಅಗತ್ಯವಿಲ್ಲ.

ಈಗ ನನಗೆ ಅತಿ ಇಷ್ಟವಾದ ಭಾಗ. ವಾಲ್ಯೂಮ್ ರೆಂಡರಿಂಗ್ ಎಂಬ ಮಾಡ್ಯೂಲ್ ತೆರೆದು, ಕಣ್ಣಿನ ಗುರುತು ಒತ್ತಿದರೆ ಮೊದಲು ಕಾಣುವುದು ಒಂದು ಇಟ್ಟಿಗೆ. ಬೂದು ಬಣ್ಣದ ಗಟ್ಟಿ ಇಟ್ಟಿಗೆ. ಅದೇ ಅಂಬರ್. ಇಲ್ಲಿ ಸಿ.ಟಿ. ಬೋನ್, ಸಿ.ಟಿ. ಲಂಗ್ ಎಂದೆಲ್ಲ ಸಿದ್ಧ ಬಣ್ಣಗಳಿವೆ. ಅವು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ನೀರು 0, ಗಾಳಿ ಮೈನಸ್ 1000 ಎಂದು ಅಳತೆಗೋಲು ಇದೆ, ಪ್ರಪಂಚದ ಯಾವ ಮಶಿನ್ ಆದರೂ ಅದೇ ಸಂಖ್ಯೆ. ಮೈಕ್ರೊ ಸಿ.ಟಿ.ಯ ಬೂದು ಬಣ್ಣಕ್ಕೆ ಅಂಥ ಒಪ್ಪಿತ ಅಳತೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಕೆಳಗಿರುವ ಶಿಫ್ಟ್ ಎಂಬ ಪಟ್ಟಿಯನ್ನು ಹಿಡಿದು ನಿಧಾನ ಎಳೆಯಬೇಕು. ಎಳೆಯುತ್ತ ಹೋದಂತೆ ಇಟ್ಟಿಗೆ ಮೊದಲು ಮಬ್ಬಾಗುತ್ತದೆ. ಅಂಚುಗಳು ಕರಗುತ್ತವೆ. ಬಿರುಕುಗಳು ಹಾಳೆ ಹಾಳೆಯಾಗಿ ಕಾಣುತ್ತವೆ. ಇನ್ನೂ ಸ್ವಲ್ಪ ಎಳೆದರೆ ಬಿರುಕುಗಳ ನಡುವೆ ಒಂದು ಕಾಲು. ಆಮೇಲೆ ಸೊಂಟ. ಆಮೇಲೆ ಬಗ್ಗಿಸಿದ ತಲೆ, ಮಡಚಿದ ಮೀಸೆ. ನಾನು ನೋಡಿದ ಒಂದು ಬಾಲ್ಟಿಕ್ ಇರುವೆಯ ದವಡೆಯ ಹಲ್ಲುಗಳನ್ನು ಎಣಿಸಬಹುದಿತ್ತು. ಮುಂಗಾಲಿನಲ್ಲಿ ಮೀಸೆ ಉಜ್ಜಿಕೊಳ್ಳಲು ಇರುವೆಗಳಿಗೆ ಒಂದು ಬಾಚಣಿಗೆಯಂಥ ಮುಳ್ಳು ಇರುತ್ತದಲ್ಲ, ಅದೂ ಇತ್ತು. ಅದನ್ನು ತಿರುಗಿಸಿ ಹೊಟ್ಟೆಯ ಅಡಿಯಿಂದ ನೋಡಿದೆ. ಸೂಕ್ಷ್ಮದರ್ಶಕದಲ್ಲಿ ಆ ತುಂಡನ್ನು ನೋಡಿದವರಿಗೆ ಆ ಕೋನ ಸಿಗುವುದೇ ಇಲ್ಲ, ಅಲ್ಲಿ ಬಿಳಿ ಮಬ್ಬು ಮುಚ್ಚಿತ್ತು.

ಇನ್ನು ಇಲ್ಲಿಂದ ಮುಂದೆ ಹುಷಾರಾಗಿರಬೇಕು. ಶಿಫ್ಟ್ ಪಟ್ಟಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರ ಮೇಲೆ ಇರುವೆಯ ಆಕಾರ ನಿಂತಿದೆ. ಸ್ವಲ್ಪ ಈಚೆ ನಿಲ್ಲಿಸಿದರೆ ಕಾಲು ದಪ್ಪ, ಜೊತೆಗೆ ಕಸ. ಸ್ವಲ್ಪ ಆಚೆ ಹೋದರೆ ಕಸ ಹೋಗುತ್ತದೆ, ಅದರ ಜೊತೆ ತೆಳ್ಳಗಿನ ಮೀಸೆಯ ತುದಿಯೂ ಹೋಗುತ್ತದೆ. ಒಂದು ಸಂಜೆ ಮಗಳು ಪಕ್ಕದಲ್ಲಿ ಕೂತು ಕೇಳಿದಳು.

"ಅಮ್ಮಾ, ಈ ಕಾಲು ಮುರಿದಿದ್ಯಾ, ಇಲ್ಲ ನೀನು ಕತ್ತರಿಸಿಬಿಟ್ಯಾ?"

"ಮುರಿದಿಲ್ಲ ಕಣೇ. ಥ್ರೆಶೋಲ್ಡ್ ಇಳಿಸು, ಬರುತ್ತೆ."

ಎಷ್ಟು ಬೂದು ಬಣ್ಣದಿಂದ ಮೇಲಿನದ್ದನ್ನು ತೋರಿಸಬೇಕು ಎಂಬ ಗಡಿಯೇ ಥ್ರೆಶೋಲ್ಡ್. ಇಳಿಸಿದಾಗ ಕಾಲು ಬಂತು. ಆದರೆ ಅವಳ ಪ್ರಶ್ನೆಯೇ ಈ ಕೆಲಸದ ತಿರುಳು. ಚಿತ್ರದಲ್ಲಿ ಇಲ್ಲದ ಕಾಲು ಹುಳುವಿನಲ್ಲೇ ಇರಲಿಲ್ಲವೋ, ನೋಡುವವರು ಬಿಟ್ಟುಬಿಟ್ಟರೋ? ಸುಂದರ ಚಿತ್ರವೊಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಪಕ್ಕದ ಕಿಟಕಿಯಲ್ಲಿ ಮೂಲ ಕಟ್ ಇಟ್ಟುಕೊಂಡು ನೋಡಿದರೆ ಗೊತ್ತಾಗುತ್ತದೆ. ಸ್ಲೈಸರ್‌ನಲ್ಲಿ ಎರಡೂ ಒಟ್ಟಿಗೆ ಇರುವುದು, ಒಂದರಲ್ಲಿ ಬೆರಳಿಟ್ಟರೆ ಇನ್ನೊಂದರಲ್ಲಿ ಅದೇ ಜಾಗ ತೋರಿಸುವುದು ನನಗೆ ತುಂಬ ಮುಖ್ಯ.

ಹುಳುವನ್ನು ಅಂಬರಿನಿಂದ ಬೇರ್ಪಡಿಸಲು ಸೆಗ್ಮೆಂಟ್ ಎಡಿಟರ್ ಇದೆ. ಇದರ ಗ್ರೋ ಫ್ರಮ್ ಸೀಡ್ಸ್ ನನಗೆ ಅಚ್ಚುಮೆಚ್ಚು. ಹುಳುವಿನ ಮೇಲೆ ಅಲ್ಲಲ್ಲಿ ಒಂದು ಬಣ್ಣ, ಅಂಬರಿನ ಮೇಲೆ ಇನ್ನೊಂದು, ಬಿರುಕಿಗೆ ಮತ್ತೊಂದು ಬಳಿದರೆ ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ತಪ್ಪಾದ ಕಡೆ ಮತ್ತೆ ಒಂದು ಗೆರೆ ಎಳೆದರೆ ತಿದ್ದಿಕೊಳ್ಳುತ್ತದೆ. ಆದರೆ ಕೆಲವು ಗುಂಡಿಗಳು ಅಂಬರ್ ಕೆಲಸಕ್ಕೆ ಅಪಾಯಕಾರಿ. ಐಲ್ಯಾಂಡ್ಸ್‌ನಲ್ಲಿ ಕೀಪ್ ಲಾರ್ಜೆಸ್ಟ್ ಎಂದು ಒಂದಿದೆ. ದೊಡ್ಡ ತುಂಡು ಉಳಿಸಿ ಬಿಡಿ ಬಿಡಿ ಕಸವೆಲ್ಲ ತೆಗೆಯುತ್ತದೆ. ಎಲ್ಲೋ ಒಂದು ಚುಕ್ಕೆಯಷ್ಟು ಸಂಪರ್ಕ ತಪ್ಪಿದ ಮೀಸೆಯೂ ಅದರ ಲೆಕ್ಕದಲ್ಲಿ ಕಸವೇ. ಒಂದೇ ಕ್ಲಿಕ್ಕಿಗೆ ಮಾಯ. ಅದರ ಬದಲು ಇಷ್ಟಕ್ಕಿಂತ ಸಣ್ಣದನ್ನು ಮಾತ್ರ ತೆಗೆ ಎಂಬ ಆಯ್ಕೆ ಬಳಸಿ. ಸ್ಮೂದಿಂಗ್‌ನ ಅಳತೆ ಆಸ್ಪತ್ರೆ ಲೆಕ್ಕದ್ದು, ತಾನಾಗಿ 3 ಮಿಲಿಮೀಟರ್ ಇರುತ್ತದೆ. ಇರುವೆಯೇ 3 ಮಿಲಿಮೀಟರ್. ಅಲ್ಲಿ ದಶಾಂಶದ ಸಂಖ್ಯೆ ಹಾಕದೆ ಒತ್ತಬಾರದು. 3ಡಿ ಮೇಲ್ಮೈ ತೋರಿಸುವಾಗಲೂ ಅದು ತಾನಾಗಿ ಒಂದಿಷ್ಟು ನಯ ಮಾಡುತ್ತದೆ. ಮೈಮೇಲಿನ ಕೂದಲು ನೋಡಬೇಕಿದ್ದರೆ ಅದನ್ನು ಸೊನ್ನೆಗೆ ತನ್ನಿ. ಫೇಸ್ ಕಾಂಟ್ರಾಸ್ಟ್ ಫೈಲುಗಳಲ್ಲಿ ಇನ್ನೊಂದು ತೊಡಕು. ಅಂಚು ಮಾತ್ರ ಹೊಳೆಯುವುದರಿಂದ ಥ್ರೆಶೋಲ್ಡ್ ಹಾಕಿದರೆ ಬರೀ ಸಿಪ್ಪೆ ಸಿಗುತ್ತದೆ, ಒಳಗೆ ಕೈಯಿಂದ ತುಂಬಬೇಕಾಗುತ್ತದೆ.

ಅಳತೆ ತೆಗೆಯಲು ಮಾರ್ಕಪ್ಸ್ ಚೆನ್ನಾಗಿದೆ. ಮಡಚಿಕೊಂಡ ಮೀಸೆಯ ಉದ್ದವನ್ನು ನೇರ ಪಟ್ಟಿಯಿಂದ ಅಳೆಯಲು ಆಗುವುದಿಲ್ಲ. ಇಲ್ಲಿ ಕರ್ವ್ ಆರಿಸಿ ಮೀಸೆಯ ಉದ್ದಕ್ಕೂ ಚುಕ್ಕೆ ಇಡುತ್ತ ಹೋದರೆ ಬಾಗಿದ ಉದ್ದವೇ ಸಿಗುತ್ತದೆ. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ಸುಲಭವಾಗಿದೆ.

ಆಸ್ಪತ್ರೆಯ ಅನುಭವ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ಒಂದು ಸಂಗತಿ ಆರ್ಟಿಫ್ಯಾಕ್ಟ್‌ಗಳನ್ನು, ಅಂದರೆ ವಸ್ತುವಿನಲ್ಲಿಲ್ಲದೆ ಸ್ಕ್ಯಾನ್‌ನಲ್ಲೇ ಹುಟ್ಟುವ ಗುರುತುಗಳನ್ನು, ಗುರುತಿಸುವುದು. ಅಡ್ಡ ಕಟ್‌ನಲ್ಲಿ ಒಂದೇ ಕೇಂದ್ರದ ಸುತ್ತ ಉಂಗುರಗಳು ಕಂಡರೆ ಅದು ಡಿಟೆಕ್ಟರಿನ ಒಂದು ಚುಕ್ಕೆಯ ದೋಷ, ಹುಳುವಿನ ಹೊಟ್ಟೆಯ ಪಟ್ಟೆಗಳಲ್ಲ. ಬಾಲ್ಟಿಕ್ ಅಂಬರಿನ ಬಿರುಕುಗಳಲ್ಲಿ ಕೆಲವು ಸಲ ಪೈರೈಟ್ ಕೂತಿರುತ್ತದೆ. ಅದು ಕಬ್ಬಿಣ ಇರುವ ಖನಿಜ. ನಮ್ಮಲ್ಲಿ ಹಲ್ಲಿಗೆ ಲೋಹದ ಕ್ಯಾಪ್ ಹಾಕಿಸಿದವರ ತಲೆ ಸ್ಕ್ಯಾನ್‌ನಲ್ಲಿ ಬರುವಂಥದೇ ಬಿಳಿ ಗೆರೆಗಳು ಅಲ್ಲೂ ಚೆಲ್ಲುತ್ತವೆ. ರೇಡಿಯಾಲಜಿ ವಿಭಾಗದಲ್ಲಿ ಕೆಲಸ ಮಾಡುವ ಗೆಳೆಯರಿಗೆ ನಾನು ಇದನ್ನು ಒತ್ತಿ ಹೇಳುವುದು ಇದಕ್ಕೇ. ನಮಗೆ ಬಂದಿರುವ ಕಣ್ಣು ಈ ಕೆಲಸಕ್ಕೂ ಆಗುತ್ತದೆ. ಒಂದು ಎಚ್ಚರಿಕೆ ಕೂಡ ಅವರಿಗೇ. ಸ್ಲೈಸರ್ ಸಂಶೋಧನೆಗಷ್ಟೇ, ರೋಗಿಯ ಚಿಕಿತ್ಸೆಗೆ ಅನುಮತಿ ಪಡೆದದ್ದಲ್ಲ. ಅದನ್ನು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ.

ಸರಿ, ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ಎರಡು ಉದಾಹರಣೆ ಕೊಡುತ್ತೇನೆ. ಮೆಂಜಿಯಾ ಟರ್ಷಿಯೇರಿಯಾ ಎಂಬುದು ಬಾಲ್ಟಿಕ್ ಅಂಬರಿನ ಒಂದು ಪುಟ್ಟ ಕೀಟ. ಇದರ ಈಗಿನ ನೆಂಟರು ಬೇರೆ ಕೀಟಗಳ ಮೈಯೊಳಗೆ ಬೆಳೆಯುವ ಪರಾವಲಂಬಿಗಳು, ಗಂಡು ರೆಕ್ಕೆ ಬಂದ ಮೇಲೆ ಕೆಲವೇ ಗಂಟೆ ಬದುಕುತ್ತದೆ. 2010ರಲ್ಲಿ ಹಾನ್ಸ್ ಪೋಲ್ ಮತ್ತು ಜೊತೆಗಾರರು ಇದರ ಸಿ.ಟಿ. ಪ್ರಕಟಿಸಿದರು. 4 ಕೋಟಿ 20 ಲಕ್ಷ ವರ್ಷ ಹಳೆಯ ಆ ಗಂಡು ಕೀಟದಲ್ಲಿ ಹೊರಗಿನ ಕವಚ ಮಾತ್ರವಲ್ಲ, ಸ್ನಾಯುಗಳು, ನರವ್ಯೂಹದ ಭಾಗಗಳು ಸಿಕ್ಕವು. ಅಂಬರ್ ಎಂದರೆ ಒಳಗೆ ಬರೀ ಟೊಳ್ಳು ಅಚ್ಚು ಇರುತ್ತದೆ ಎಂದುಕೊಂಡವರಿಗೆ ಇದು ದೊಡ್ಡ ಸುದ್ದಿ.

ಇನ್ನೊಂದು ಇಥಿಯೋಪಿಯಾದ ಅಂಬರ್. ಒಂದೇ ತುಂಡಿನಲ್ಲಿ 13 ಇರುವೆಗಳು. ಹೊರಗಿನಿಂದ ನೋಡಿದಾಗ ಅವು ಅನ್ಯೂರೆಟಿನೆ ಎಂಬ ಅಪರೂಪದ ಗುಂಪಿನವು ಅನ್ನಿಸಿತ್ತು. ಆ ಗುಂಪಿನಲ್ಲಿ ಇಂದು ಬದುಕಿರುವುದು ಒಂದೇ ಜಾತಿ, ಅದು ಶ್ರೀಲಂಕಾದಲ್ಲಿದೆ. ಹ್ಯಾಂಬರ್ಗಿನ ಡೆಸಿ ಸಂಸ್ಥೆಯ ಪೆಟ್ರಾ 3 ಎಂಬ ಸಿಂಕ್ರೊಟ್ರಾನ್‌ನಲ್ಲಿ ಸ್ಕ್ಯಾನ್ ಮಾಡಿ ಸೊಂಟ ಮತ್ತು ಹೊಟ್ಟೆಯ ವಿವರ ನೋಡಿದ ಮೇಲೆ ಅವು ಪೊನೆರಿನೆ ಎಂಬ ಬೇರೆಯೇ ಗುಂಪಿಗೆ ಸೇರಿದವು ಎಂದು ತಿಳಿಯಿತು. ಬ್ರೆಂಡನ್ ಬೂಡಿನೊ ಮತ್ತು ಸಂಗಡಿಗರು 2022ರಲ್ಲಿ ಅದಕ್ಕೆ ಡೆಸಿಯೊಪೊನೆ ಹೆರಿಯೊನ್ ಎಂದು ಹೆಸರಿಟ್ಟರು. ಸ್ಕ್ಯಾನ್ ಮಾಡಿಕೊಟ್ಟ ಡೆಸಿ ಮತ್ತು ಹೆರಿಯೊನ್ ಎಂಬ ಎರಡೂ ಸಂಸ್ಥೆಗಳ ಹೆಸರು ಒಂದು ಇರುವೆಗೆ. ಒಬ್ಬ ಸ್ಕ್ಯಾನ್ ಟೆಕ್ನಿಷಿಯನ್ ಆಗಿ ನನಗೆ ಇದು ಬಹಳ ಹಿಡಿಸಿತು.

ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಪ್ರಸಂಗ ಇದೆ. ಕೀಟದ್ದಲ್ಲ, ಆದರೆ ಅಂಬರಿನದೇ. 2020ರ ಮಾರ್ಚ್‌ನಲ್ಲಿ ನೇಚರ್ ಪತ್ರಿಕೆಯ ಮುಖಪುಟದಲ್ಲಿ ಮ್ಯಾನ್ಮಾರಿನ 9 ಕೋಟಿ 90 ಲಕ್ಷ ವರ್ಷ ಹಳೆಯ ಒಂದು ತಲೆಬುರುಡೆ ಬಂತು. ಆಕ್ಯುಲುಡೆಂಟೇವಿಸ್ ಎಂದು ಹೆಸರು. ಹಮ್ಮಿಂಗ್ ಬರ್ಡ್‌ನಷ್ಟು ಪುಟ್ಟ ಹಕ್ಕಿ ಎಂದರು. ಬೇರೆ ತಜ್ಞರು ಅದೇ ಸ್ಕ್ಯಾನ್ ಚಿತ್ರಗಳನ್ನು ನೋಡಿ, ಹಲ್ಲುಗಳು ದವಡೆಗೆ ಅಂಟಿರುವ ರೀತಿ ಹಕ್ಕಿಯದಲ್ಲ, ಹಲ್ಲಿಯದು ಎಂದರು. ಜುಲೈನಲ್ಲಿ ಪ್ರಬಂಧ ವಾಪಸ್ ಹೋಯಿತು. 2021ರಲ್ಲಿ ಇನ್ನೊಂದು ಮಾದರಿಯ ಜೊತೆ ಹೋಲಿಸಿ, ಒಂದೊಂದು ಎಲುಬನ್ನೂ ಕಂಪ್ಯೂಟರಿನಲ್ಲಿ ಬೇರೆ ಮಾಡಿ ನೋಡಿದ ತಂಡ ಎರಡೂ ಹಲ್ಲಿಗಳೇ ಎಂದಿತು. ಮೊದಲ ಬುರುಡೆಯ ಮೂತಿ ಅಂಬರಿನೊಳಗೆ ಒತ್ತಿಹೋಗಿ ಕೊಕ್ಕಿನಂತೆ ಕಂಡಿತ್ತು. ಸ್ಕ್ಯಾನ್ ಬೇರೆಯವರ ಕೈಗೂ ಸಿಕ್ಕಿದರೆ ಹೀಗೆ ಸರಿಹೋಗುತ್ತದೆ. ಅದಕ್ಕೇ ಉಚಿತ ಸಾಫ್ಟ್‌ವೇರ್ ಎಂಬುದು ಬರೀ ದುಡ್ಡು ಉಳಿಸುವ ಮಾತಲ್ಲ ಎಂದು ನನಗೆ ಅನ್ನಿಸುವುದು.

ಮ್ಯಾನ್ಮಾರ್ ಅಂಬರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಆ ಗಣಿಗಳಿರುವ ಕಚಿನ್ ಪ್ರದೇಶದಲ್ಲಿ ಸಂಘರ್ಷ ನಡೆಯುತ್ತಲೇ ಇದೆ, 2017ರಲ್ಲಿ ಸೇನೆ ಗಣಿ ಪ್ರದೇಶವನ್ನು ವಶಪಡಿಸಿಕೊಂಡಿತು. ಹೊಸದಾಗಿ ಅಲ್ಲಿಂದ ಬಂದ ಅಂಬರಿನ ಮೇಲಿನ ಪ್ರಬಂಧಗಳನ್ನು ತಡೆಹಿಡಿಯಿರಿ ಎಂದು ಕಶೇರುಕ ಪಳೆಯುಳಿಕೆ ತಜ್ಞರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪತ್ರಿಕೆಗಳನ್ನು ಕೇಳಿಕೊಂಡಿತ್ತು. ಅಭ್ಯಾಸಕ್ಕೆ ಫೈಲ್ ಹುಡುಕುವವರು ಬಾಲ್ಟಿಕ್ ಅಥವಾ ಡೊಮಿನಿಕನ್ ಅಂಬರಿನಿಂದ ಶುರು ಮಾಡಲಿ ಎಂಬುದು ನನ್ನ ಸಲಹೆ.

ನಮ್ಮ ದೇಶದಲ್ಲೂ ಅಂಬರ್ ಇದೆ. ಸೂರತ್ ಹತ್ತಿರದ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದ್ದು 5 ಕೋಟಿ ವರ್ಷಕ್ಕಿಂತ ಹಳೆಯದು. 2010ರಲ್ಲಿ ಜರ್ಮನಿಯ ಯೆಸ್ ರುಸ್ಟ್, ಲಖನೌನ ಬೀರಬಲ್ ಸಾಹನಿ ಸಂಸ್ಥೆಯ ಹುಕಂ ಸಿಂಗ್ ಮತ್ತು ಇತರರು ಅದರಲ್ಲಿ 700ಕ್ಕೂ ಹೆಚ್ಚು ಕೀಟ, ಜೇಡಗಳನ್ನು ವರದಿ ಮಾಡಿದರು. ಅದನ್ನು ಸುರಿಸಿದ್ದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳು. ನಮ್ಮ ಮಲೆನಾಡಿನ ಧೂಪದ ಮರ ಅದೇ ಕುಟುಂಬದ್ದು. ತೀರ್ಥಹಳ್ಳಿ ಕಡೆ ಧೂಪದ ಮರದ ಅಂಟಿಗೆ ಇರುವೆ ಮೆತ್ತಿಕೊಂಡಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಗುಜರಾತಿನ ಈ ಅಂಬರಿನ ವಿಶೇಷ ಏನೆಂದರೆ ಅದು ಬಾಲ್ಟಿಕ್‌ನಷ್ಟು ಗಟ್ಟಿಯಾಗಿ ಬೆಸೆದುಕೊಂಡಿಲ್ಲ. ದ್ರಾವಕದಲ್ಲಿ ಕರಗಿಸಿ ಹುಳುವನ್ನೇ ಹೊರತೆಗೆಯಬಹುದು. ಆದರೆ ಕರಗಿಸಿದ ಮೇಲೆ ಅಂಬರ್ ಇರುವುದಿಲ್ಲ, ಹುಳು ಮುರಿಯುವ ಭಯವೂ ಇದೆ. ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಎರಡೂ ಉಳಿಯುತ್ತವೆ.

ಬೇರೆ ಸಾಫ್ಟ್‌ವೇರ್‌ಗಳ ಜೊತೆ ಹೋಲಿಕೆ ಕೇಳುತ್ತೀರಿ ಎಂದು ಗೊತ್ತು. ಸಂಶೋಧನಾ ಸಂಸ್ಥೆಗಳಲ್ಲಿ ಅಮಿರಾ, ವಿ.ಜಿ. ಸ್ಟುಡಿಯೊ ಹೆಚ್ಚು. ದೊಡ್ಡ ಫೈಲುಗಳಿಗೆ ಅವು ಹೇಳಿ ಮಾಡಿಸಿದಂತಿವೆ, ಆದರೆ ಲೈಸೆನ್ಸ್ ಕೊಳ್ಳಬೇಕು, ಮನೆಯಲ್ಲಿ ಕೂತು ನೋಡುವವರಿಗೆ ಹೊಂದುವುದಿಲ್ಲ. ಉಚಿತವಾದವುಗಳಲ್ಲಿ ದೃಷ್ಟಿ ಎಂಬುದಿದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಅಜಯ್ ಲಿಮಯೆ ಅವರು ರೂಪಿಸಿದ್ದು. ಬೆಳಕು, ನೆರಳು ಹಾಕಿ ಚಂದದ ಚಿತ್ರ ತೆಗೆಯಲು ಅದು ಸ್ಲೈಸರ್‌ಗಿಂತ ಮೇಲು. ಬಯೊಮೆಡಿಸಾ ಎಂಬ ಜಾಲತಾಣದಲ್ಲಿ ಅಲ್ಲೊಂದು ಇಲ್ಲೊಂದು ಕಟ್‌ನಲ್ಲಿ ಗುರುತು ಮಾಡಿ ಕಳಿಸಿದರೆ ನಡುವಿನದ್ದನ್ನು ಅದೇ ಲೆಕ್ಕ ಹಾಕಿ ತುಂಬುತ್ತದೆ. ಕೀಟಗಳ ಮೇಲೆ ಕೆಲಸ ಮಾಡುವವರೇ ಸೇರಿ ರೂಪಿಸಿದ್ದರಿಂದ ಕಾಲು, ಮೀಸೆಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅಳತೆ, ಬೇರ್ಪಡಿಸುವುದು, ಮೂಲ ಕಟ್ ಜೊತೆ ತಾಳೆ ನೋಡುವುದು, ಎಲ್ಲ ಒಂದೇ ಕಡೆ ಬೇಕಿದ್ದರೆ ನನ್ನ ಆಯ್ಕೆ ಸ್ಲೈಸರ್‌ ಆಗಿಯೇ ಉಳಿಯುತ್ತದೆ.

ಒಂದು ಕೆಲಸ ಮಾತ್ರ ಇದರಿಂದ ಆಗದು. ಅಂಗಡಿಯಲ್ಲಿ ಕೊಂಡ ಪೆಂಡೆಂಟ್ ನಿಜವಾದ ಅಂಬರೋ ಪ್ಲಾಸ್ಟಿಕ್ಕೋ ಎಂದು ಕೇಳಿಕೊಂಡು ಪರಿಚಯದವರು ಬರುತ್ತಾರೆ. ಸಿ.ಟಿ.ಯ ಬೂದು ಬಣ್ಣ ನೋಡಿ ಅದನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಅದಕ್ಕೆ ರತ್ನ ಪರೀಕ್ಷೆಯ ಲ್ಯಾಬಿನಲ್ಲಿ ಇನ್‌ಫ್ರಾರೆಡ್ ಪರೀಕ್ಷೆ ಮಾಡಿಸಬೇಕು.

ಶುರು ಮಾಡುವವರಿಗೆ: 16 ಜಿ.ಬಿ. ರ‍್ಯಾಮ್ ಇದ್ದರೆ ಹಾಫ್ ಗಾತ್ರದಲ್ಲಿ ಆರಾಮಾಗಿ ಕೆಲಸ ಮಾಡಬಹುದು. 8 ಇದ್ದರೆ ಪ್ರಿವ್ಯೂಗೆ ತೃಪ್ತಿಪಡಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ವಾಲ್ಯೂಮ್ ರೆಂಡರಿಂಗ್ ತಿರುಗಿಸುವಾಗ ತಡವರಿಸುತ್ತದೆ, ಕೆಲಸ ನಿಲ್ಲುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಜೊತೆಗೇ ಬರುವ ಮಾದರಿ ತಲೆ ಸ್ಕ್ಯಾನ್‌ನಲ್ಲಿ ಮೊದಲು ಕೈ ಪಳಗಿಸಿಕೊಳ್ಳಿ. ಆಮೇಲೆ ಸಂಶೋಧಕರು ಸ್ಕ್ಯಾನ್ ಫೈಲುಗಳನ್ನು ಹಂಚಿಕೊಳ್ಳುವ ಮಾರ್ಫೊಸೋರ್ಸ್ ತಾಣದಲ್ಲಿ ಖಾತೆ ತೆರೆದು ಚಿಕ್ಕ ಫೈಲ್ ಒಂದನ್ನು ಇಳಿಸಿ. ಕೆಲವು ಫೈಲ್ ನೇರ ಸಿಗುತ್ತವೆ, ಕೆಲವಕ್ಕೆ ಯಾಕೆ ಬೇಕು ಎಂದು ಬರೆದು ಅನುಮತಿ ಕೇಳಬೇಕು. ಯಾವ ಕೆಲಸಕ್ಕೆ ಎಂದು ಎರಡು ಸಾಲು ನೇರವಾಗಿ ಬರೆಯಿರಿ. ಆಸ್ಪತ್ರೆ ಟೆಕ್ನಿಷಿಯನ್ ಎಂದೇ ನಾನು ಬರೆದಿದ್ದೆ, ಅನುಮತಿ ಸಿಕ್ಕಿತು.